ಆಯ್ತು ಅಕ್ಕ

ಬಾಗಿಲಿಗೆ ಬಂದ ಸೇಲ್ಸ್‌ನವನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಪಾದಗಳನ್ನು.

"ಅಯ್ಯೋ ಅಕ್ಕ, ಕಾಲು ಹೇಗೆ ಊದಿದೆ! ದಿನಕ್ಕೆ ಎಷ್ಟು ಹೊತ್ತು ಮಷಿನ್ ತುಳೀತೀರ?"

ಗಂಡ ತೀರಿಕೊಂಡ ನಾಲ್ಕು ವರ್ಷದಲ್ಲಿ ಅವಳ ಕಾಲಿನ ಸುದ್ದಿ ಎತ್ತಿದವರೇ ಇರಲಿಲ್ಲ. ಕಣ್ಣು ತುಂಬಿ ಬಂತು. ಅಲ್ಲಿಗೆ ಅವನ ಅರ್ಧ ಕೆಲಸ ಮುಗಿದಿತ್ತು.

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಚೀಲದಂಗಡಿಯೊಂದಕ್ಕೆ ದಪ್ಪ ಕ್ಯಾನ್ವಾಸಿನ ಸ್ಕೂಲ್ ಬ್ಯಾಗು ಹೊಲಿದುಕೊಟ್ಟು ಮನೆ ನಡೆಸುತ್ತಿದ್ದಳು. ಎರಡು ಕೋಣೆಯ ಮನೆ, ಕಿಟಕಿಯ ಕೆಳಗೆ ಅತ್ತೆಯ ಕಾಲದ ಪೆಡಲ್ ಮಷಿನ್. ಅತ್ತೆಗೆ ಈಗ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದ ಮಂಚದ ಮೇಲೆ ಕೂತು ಅದರ ಸದ್ದು ಕೇಳುತ್ತ, ಆಗಾಗ ಕೈಚಾಚಿ ಮಷಿನ್ನಿನ ಮರದ ಅಂಚು ಸವರುತ್ತಿದ್ದರು. ಅಲ್ಲಿ ನಾಲ್ಕು ಸಣ್ಣ ಗುಳಿಗಳಿದ್ದವು. ಅವರ ಮಗ, ಅಂದರೆ ಅವಳ ಗಂಡ, ಹಲ್ಲು ಬರುವಾಗ ಕಚ್ಚಿದ ಗುರುತು. ಆ ಮಗನ ಫೋಟೊ ಗೋಡೆಯ ಮೇಲಿತ್ತು; ಅತ್ತೆಗೆ ಫೋಟೊದಿಂದ ಏನು ಪ್ರಯೋಜನ?

ಸೇಲ್ಸ್‌ನವನು ಬಿಳಿ ಬಣ್ಣದ ಕರೆಂಟ್ ಮಷಿನ್ನನ್ನು ಮೇಜಿನ ಮೇಲಿಟ್ಟು, ತೆಳ್ಳನೆಯ ಬಟ್ಟೆಯ ಮೇಲೆ ಸರ್ರನೆ ಹೊಲಿಗೆ ಓಡಿಸಿ ತೋರಿಸಿದ. ಹಳೆಯದನ್ನು ಕೊಟ್ಟರೆ ಮುಂಗಡ ಬೇಡ, ಉಳಿದದ್ದು ಕಂತಿನಲ್ಲಿ ಎಂದ. ಒಂದು ಉಸಿರಿಗೆ ಇಪ್ಪತ್ತು ಮಾತು.

"ನಾಲಿಗೆಗೆ ಮಷಿನ್ ಎಣ್ಣೆ ಬಿಟ್ಕೊಂಡು ಬಂದಿದೀಯೇನಪ್ಪ? ಎಲ್ಲೂ ಸಿಕ್ಕಾಕ್ಕೊಳ್ತಾನೇ ಇಲ್ಲ!" ಎಂದರು ಅತ್ತೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಆದರೆ ಕೊನೆಗೆ ಒಪ್ಪಿಸಿದವರೂ ಅತ್ತೆಯೇ. "ಕೊಟ್ಬಿಡೇ. ಅದು ಕಬ್ಬಿಣ, ನೀನು ಮನುಷ್ಯಳು. ನಿನ್ನ ಕಾಲಾದ್ರೂ ಉಳೀಲಿ." ಹಾಗೆಂದು ಮರದ ಅಂಚನ್ನು ಇನ್ನೊಂದು ಸಲ ಸವರಿ, ಗೋಡೆ ಕಡೆ ತಿರುಗಿ ಮಲಗಿದರು.

ಹಳೆ ಮಷಿನ್ ಟೆಂಪೊ ಹತ್ತಿ ಹೋದ ಮೇಲೆ ಅವಳು ಬ್ಯಾಗಿನ ಪಟ್ಟಿಯನ್ನು ಹೊಸದರ ಸೂಜಿಯ ಕೆಳಗಿಟ್ಟಳು. ನಾಲ್ಕು ಮಡಿಕೆ ಕ್ಯಾನ್ವಾಸು. ಸೂಜಿ ಟಕ್ಕನೆ ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು. ಮೂರನೆಯದು ಮುರಿಯುವ ಹೊತ್ತಿಗೆ ಸುಟ್ಟ ವಾಸನೆ ಬಂತು. ಅತ್ತೆಯ ಕೈ ಅಭ್ಯಾಸಬಲದಿಂದ ಚಾಚಿಕೊಂಡು, ನುಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿ, ಪರರ ಮೈ ಮುಟ್ಟಿದಂತೆ ಹಿಂದೆ ಸರಿಯಿತು.

ಮಾರನೆಯ ದಿನವೇ ಫೋನು ಮಾಡಿದಳು. "ತಮ್ಮಾ, ಈ ಮಷಿನ್ ನಮಗಾಗಲ್ಲ. ವಾಪಸ್ ತಗೊಂಡು ನಮ್ಮದನ್ನ ನಮಗೆ ತಂದುಕೊಡು."

"ಆಯ್ತು ಅಕ್ಕ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಆಯ್ತು ಅಂದ ಅತ್ತೆ!" ಎಂದಳು. ಅತ್ತೆ ಎದ್ದು ಕೂತರು. ಅವಳು ಹೊಸ ಮಷಿನ್ನನ್ನು ಒರೆಸಿ, ಡಬ್ಬಕ್ಕೆ ಹಾಕಿ, ಟೇಪು ಸುತ್ತಿ ಬಾಗಿಲ ಬಳಿ ಇಟ್ಟಳು.

ಯಾರೂ ಬರಲಿಲ್ಲ. ಆರನೆಯ ದಿನ ಮತ್ತೆ ಫೋನು ಮಾಡಿದಳು. "ಆಯ್ತು ಅಂದ್ನಲ್ಲ ಅಕ್ಕ, ಯಾಕೆ ಟೆನ್ಶನ್ ತಗೋತೀರ?"

ಲೋಟ ತೊಳೆಯುತ್ತಿದ್ದ ಎಂಟು ವರ್ಷದ ಮಗಳು ಕೇಳಿದಳು, "ಅಮ್ಮಾ, ಅವರ ಆಯ್ತು ನಿನ್ನ ಆಯ್ತು ಥರದ್ದಾ?"

"ನಂದು ಯಾವ ಥರ?"

"ನಾನು ಸೈಕಲ್ ಕೇಳಿದಾಗೆಲ್ಲ ಆಯ್ತು ಅಂತೀಯಲ್ಲ, ಆ ಥರ."

ಅತ್ತೆ ನಕ್ಕರು, ಅವಳೂ ನಕ್ಕಳು. ಹತ್ತನೆಯ ದಿನ ಬೆಳಿಗ್ಗೆ ಚೀಲದಂಗಡಿಯವನು ಹೇಳಿಕಳಿಸಿದ: ಈ ವಾರ ಬ್ಯಾಗು ಬರದಿದ್ದರೆ ಕೆಲಸ ಬೇರೆಯವರಿಗೆ. ಅವಳು ಕೂಡಲೇ ಸೇಲ್ಸ್‌ನವನಿಗೆ ಫೋನು ಹಚ್ಚಿ, "ಇವತ್ತೇ ನಿಮ್ಮ ಆಫೀಸಿಗೆ ನಾನೇ ತಂದುಕೊಡ್ತೀನಿ" ಎಂದಳು.

"ಇವತ್ತು ಬೇಡ ಅಕ್ಕ, ಆ ಭಾರ ಹೊತ್ಕೊಂಡು ಸುಮ್ನೆ ಅಲೀಬೇಡಿ. ನಾಡಿದ್ದು ಬನ್ನಿ, ನಾನೇ ಇರ್ತೀನಿ."

ಎಷ್ಟು ಒಳ್ಳೆಯ ಹುಡುಗ ಎಂದುಕೊಂಡಳು.

ನಾಡಿದ್ದು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಹೋದಳು. ಆಫೀಸಿನಲ್ಲಿ ಕನ್ನಡಕದ ಹೆಂಗಸೊಬ್ಬಳು ರಸೀದಿಯ ತಾರೀಕು ನೋಡಿ, ಬೆರಳು ಮಡಿಚಿ ಎಣಿಸಿದಳು.

"ಬೇಡ ಅಂತ ಬರೆದುಕೊಟ್ಟಿದೀರಾ?"

"ಫೋನಲ್ಲಿ ಹೇಳಿದೀನಿ, ಮೂರು ಸಲ. ಅವರು ಆಯ್ತು ಅಂದ್ರು."

"ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲಮ್ಮ. ಮನೆ ಬಾಗಿಲಲ್ಲಿ ತಗೊಂಡಿದ್ದನ್ನ ಹತ್ತು ದಿನದೊಳಗೆ ಬೇಡ ಅನ್ನಬಹುದು, ಕಾರಣಾನೂ ಹೇಳಬೇಕಾಗಿಲ್ಲ. ಅದು ನಿಮ್ಮ ಹಕ್ಕು. ಆದ್ರೆ ಬರೆದು ಕೊಡಬೇಕು." ಅವಳು ರಸೀದಿಯನ್ನು ಮಗುಚಿದಳು. "ಇಲ್ಲೇ ಇದೆ ನೋಡಿ."

ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ಕೆಳಗೆ, ಸಹಿ ಹಾಕಲು ಒಂದು ಚೀಟಿ. ಅದರ ಮೇಲೆ ಚುಕ್ಕಿ ಚುಕ್ಕಿಯ ಗೆರೆ. ಗೆರೆಯ ತುದಿಯಲ್ಲಿ ಪುಟ್ಟದೊಂದು ಕತ್ತರಿಯ ಚಿತ್ರ.

ಟೈಲರಮ್ಮ ಆ ಕತ್ತರಿಯನ್ನೇ ನೋಡಿದಳು. ಹದಿನೈದು ವರ್ಷ ಗೆರೆ ಕಂಡಲ್ಲೆಲ್ಲ ಕತ್ತರಿ ಆಡಿಸಿದ ಕೈ ಅವಳದು. ಈ ಒಂದು ಗೆರೆ ಅಕ್ಕಿ ಡಬ್ಬದ ಕೆಳಗೆ ಮಡಿಚಿಕೊಂಡು ಹನ್ನೆರಡು ದಿನ ಕಾದಿತ್ತು.

ಒಳಗಿನಿಂದ ಸೇಲ್ಸ್‌ನವನು ಬಂದ. "ಓ ಅಕ್ಕ! ಕಾಲು ಹೇಗಿದೆ?"

"ನೀನು ಆಯ್ತು ಅಂದಿದ್ದೆ."

"ಹೂಂ ಅಕ್ಕ. ನೀವು ಹೇಳಿದ್ದು ಕೇಳಿಸ್ತು ಅಂತ ಆಯ್ತು ಅಂದೆ. ವಾಪಸ್ ತಗೋತೀನಿ ಅಂದ್ನಾ?"

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳು ಬಗ್ಗಿ, ಕನ್ನಡಕದ ಹೆಂಗಸಿನ ಮೇಜಿಗೆ ಎರಡೂ ಕೈ ಊರಿದಳು. "ಇದು ಇರ್ಲಮ್ಮ, ಕಂತೂ ಕಟ್ತೀನಿ. ನಮ್ಮ ಹಳೇದನ್ನ ಮಾತ್ರ ಕೊಟ್ಬಿಡಿ. ಮರದ ಅಂಚಲ್ಲಿ ಗುರುತಿದೆ, ನಾನೇ ಹುಡುಕ್ಕೋತೀನಿ."

ಹೆಂಗಸು ಕನ್ನಡಕ ತೆಗೆದಳು. "ಹಳೇದನ್ನ ಹತ್ತು ದಿನ ನಾವು ಮುಟ್ಟೋ ಹಾಗಿಲ್ಲಮ್ಮ. ನೀವು ಬೇಡ ಅಂದ್ರೆ ವಾಪಸ್ ಕೊಡಬೇಕಲ್ಲ, ಅದಕ್ಕೇ ಹಿತ್ತಲಲ್ಲಿ ಇಟ್ಟಿರ್ತೀವಿ. ನಿಮ್ಮದೂ ಇಲ್ಲೇ ಇತ್ತು." ದನಿ ತಗ್ಗಿತು. "ನಿನ್ನೆ ಬೆಳಿಗ್ಗೆ ಗುಜರಿ ಲಾರಿ ಬಂತು. ಕಬ್ಬಿಣ ಕರಗಿಸೋಕೆ, ಮರ ಸೌದೆಗೆ."

ಅವಳು ಹಿತ್ತಲಿಗೆ ಹೋಗಿ ನೋಡಿದಳು. ಸಿಮೆಂಟು ನೆಲದ ಮೇಲೆ ಎಣ್ಣೆಯ ಕಲೆಗಳಿದ್ದವು. ಯಾವುದು ತಮ್ಮದೆಂದು ಗೊತ್ತಾಗಲಿಲ್ಲ.

ಮತ್ತೆ ಎರಡು ಬಸ್ಸು, ತೊಡೆಯ ಮೇಲೆ ಅದೇ ಡಬ್ಬ. ಮನೆ ಮುಟ್ಟಿದಾಗ ಅತ್ತೆ ಬಾಗಿಲಿಗೇ ಕಿವಿಗೊಟ್ಟು ಕೂತಿದ್ದರು. ಅವಳು ಸದ್ದಾಗದಂತೆ ಡಬ್ಬ ಇಳಿಸಿದಳು.

"ಬಂದ್ಯಾ? ಏನಾಯ್ತೇ?"

ಎಲ್ಲವನ್ನೂ ಹೇಳಬೇಕೆಂದೇ ಬಾಯಿ ತೆರೆದಳು. ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೇ ಒಂದು ಹೊರಬಿತ್ತು.

"ಆಯ್ತು ಅತ್ತೆ."

"ಆಯ್ತಾ! ಒಳ್ಳೇ ಹುಡುಗಾನೇ ಬಿಡು." ಅತ್ತೆಯ ಮುಖವೆಲ್ಲ ಅರಳಿತು. "ಹಾಗಾದ್ರೆ ನಾಳೆ ತರ್ತಾರೆ. ಕಿಟಕಿ ಕೆಳಗೆ ಒಂದು ಸಲ ಗುಡಿಸ್ಬಿಡೇ, ಧೂಳು ಕೂತಿರತ್ತೆ."

ಅವಳು ಪೊರಕೆ ತಂದಳು. ಧೂಳಿನಲ್ಲಿ ಹಳೆ ಮಷಿನ್ನಿನ ನಾಲ್ಕು ಕಾಲುಗಳ ಗುರುತು ಇನ್ನೂ ಹಾಗೇ ಇತ್ತು. ಅದನ್ನು ಬಿಟ್ಟು ಸುತ್ತಲೂ ಗುಡಿಸತೊಡಗಿದಳು.