ಉಪ್ಪುನೀರಿನ ಲೋಟ

ಸೊಸೆ ವಾಂತಿ ಮಾಡುವ ಸದ್ದು ಮೂರನೆಯ ಭಾನುವಾರವೂ ಕೇಳಿಸಿದಾಗ ಪುಟ್ಟಬಸಮ್ಮನವರು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ಮದುವೆಯಾಗಿ ಐದು ತಿಂಗಳಾದ ಹುಡುಗಿ ವಾಂತಿ ಮಾಡಿಕೊಂಡರೆ ದಟ್ಟಗಳ್ಳಿಯಲ್ಲೇನು, ಲೋಕದಲ್ಲೆಲ್ಲೂ ಅದಕ್ಕೆ ಎರಡನೆಯ ಅರ್ಥವಿಲ್ಲವೆಂದು ಅವರ ನಂಬಿಕೆ.

"ಸುಸ್ತಾಯ್ತಾ ಸುಷ್ಮಾ? ಆಗ್ಲಿ ಬುಡು, ಒಳ್ಳೇದಕ್ಕೇ ಕಣಮ್ಮ," ಎಂದರು ಕೋಣೆಯ ಬಾಗಿಲಾಚೆಯಿಂದ.

ಬಾಗಿಲೀಚೆ ವಿಶ್ವನಾಥ ಖಾಲಿ ಲೋಟ ಹಿಡಿದು ಬಚ್ಚಲ ಹೊಸ್ತಿಲಲ್ಲಿ ನಿಂತಿದ್ದ. ಭಾನುವಾರ ಬಂದರೆ ಅವನು ಆ ಲೋಟದ ನೀರಿಗೆ ಉಪ್ಪು ಕದಡಿ, ಹೆಂಡತಿಗೆ ಕುಡಿಸಿ, ಅವಳು ಕಕ್ಕುವುದನ್ನು ನೋಡಬೇಕು. ನೋಡಿದ ಮೇಲೆಯೇ ಅವನಿಗೆ ಅವಳ ಮೇಲೆ ಆಸೆ ಹುಟ್ಟುತ್ತಿತ್ತು. ಮೊದಲ ಸಲ ಅವಳು ಬೇಡವೆಂದಾಗ ಅವನು ನಕ್ಕಿದ್ದ. "ಗಂಡ ಹೆಂಡ್ತಿ ಅಂದ್ಮೇಲೆ ಎಲ್ಲಾರೂ ಮಾಡ್ತಾರೆ ಕಣೇ. ಪುಸ್ತಕದಲ್ಲೇ ಬರೆದವ್ರೆ. ಬಿ.ಎ. ಮಾಡಿದೀಯ, ಇಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಯಾರನ್ನಾದರೂ ಕೇಳುವ ಬಾಯಿಯೂ ಅವಳಿಗಿರಲಿಲ್ಲ. ಆಡಲಾರದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುವವಳು. ಅಂದು ನಡೆದದ್ದನ್ನೆಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದಳು: "ಎಲ್ಲರೂ ಮಾಡುತ್ತಾರೆ ಎಂಬುದು ನಿಜವೇ?" ನಿಜವಾದರೆ ತಾನು ದಡ್ಡಿ. ಸುಳ್ಳಾದರೆ ಇನ್ನು ಒಂದು ಗುಟುಕೂ ಕುಡಿಯುವುದಿಲ್ಲ. ಪುಸ್ತಕದ ಮಾತೆತ್ತಿದ್ದಾನೆ, ಪುಸ್ತಕದಲ್ಲೇ ನೋಡಿಬಿಡೋಣವೆಂದು ಹೊರಟಳು.

ಗ್ರಂಥಾಲಯದಲ್ಲಿ ಮನಃಶಾಸ್ತ್ರದ ಬೀರುವಿಗೆ ಬೀಗ ಹಾಕಿತ್ತು. ಗ್ರಂಥಪಾಲಕ ಲಕ್ಷ್ಮೀನರಸಿಂಹಯ್ಯ ಕನ್ನಡಕದ ಮೇಲಿಂದ ನೋಡಿದರು.

"ಯಾವ ಪರೀಕ್ಷೆಗಮ್ಮ?"

"ಪರೀಕ್ಷೆಗಲ್ಲ ಸರ್."

"ಮತ್ತೆ ನಿಮಗ್ಯಾಕೆ ಅವೆಲ್ಲ? ತಲೆ ಕೆಡುತ್ತೆ. ಇದನ್ನ ಓದಿ, ನಮ್ಮನೆ ಹೆಣ್ಣುಮಕ್ಕಳೂ ಓದ್ತಾರೆ." ಅವರು ಕೈಗಿತ್ತದ್ದು ಹೊಸ ಸೊಸೆಯರಿಗೆ ಕಿವಿಮಾತು ಹೇಳುವ ಪುಸ್ತಕ. ಗಂಡನ ಮನಸ್ಸರಿತು ನಡೆಯಬೇಕು ಎಂಬುದು ಮೊದಲ ಪುಟದಲ್ಲೇ ಇತ್ತು. ಸುಷ್ಮಾ ಅದನ್ನು ಅವರ ಮೇಜಿನ ಮೇಲೆ ಕುಕ್ಕಿ ಬಂದಳು.

ಇಂಟರ್‌ನೆಟ್ ಕೆಫೆಗಳು ಹೊಸದಾಗಿ ಬಂದಿದ್ದ ಕಾಲ. ಯೋಗ ಕಲಿಯುವ ಪರದೇಶದವರೇ ತುಂಬಿದ್ದ ಗೋಕುಲಂ ಬಡಾವಣೆಯಲ್ಲಿ ತನ್ನ ಗುರುತು ಯಾರಿಗೂ ಇರದೆಂದು ಅಲ್ಲಿಯ ಒಂದು ಕೆಫೆಗೆ ಹೋದಳು. ಕೇಳಿದ್ದು ಒಂದು ಪ್ರಶ್ನೆ. ತೆರೆಯ ಮೇಲೆ ಬಿಚ್ಚಿಕೊಂಡದ್ದು ಹೊಲಸು ಚಿತ್ರಗಳು. ಒಂದನ್ನು ಮುಚ್ಚಿದರೆ ನಾಲ್ಕು. ಒಬ್ಬ ಇದು ಪಾಪವೆಂದು ಬರೆದಿದ್ದ, ಇನ್ನೊಬ್ಬ ಎಲ್ಲರ ಒಳಗೂ ಇರುವ ಆಸೆಯೆಂದು. ಇಬ್ಬರೂ ಹೆಸರು ಹಾಕಿರಲಿಲ್ಲ. ಕೆಫೆಯವನು ಅವಳ ಗೂಡಿನ ಪ್ಲೈವುಡ್ ಗೋಡೆ ತಟ್ಟಿ, "ಅಂಥವೆಲ್ಲ ಇಲ್ ನೋಡಂಗಿಲ್ಲ ಮೇಡಂ," ಎಂದ. ಪಕ್ಕದ ಗೂಡಿನಲ್ಲಿದ್ದವನು ಕಿಸಕ್ಕನೆ ನಕ್ಕ. ಆ ನಗು ದಟ್ಟಗಳ್ಳಿಯವರೆಗೂ ಅವಳ ಬೆನ್ನ ಮೇಲೇ ಬಂತು.

ಕೊನೆಗೆ ದಾರಿ ತೆರೆದವರು ಪುಟ್ಟಬಸಮ್ಮನವರೇ. ಸೊಸೆಯನ್ನು ಕರೆದುಕೊಂಡು ಲೇಡಿ ಡಾಕ್ಟರ್ ಭಾನುಮತಿಯವರ ಕ್ಲಿನಿಕ್ಕಿಗೆ ಬಂದು, "ನೋಡ್ಬುಟ್ಟು ಹೇಳಿ, ಹೆಣ್ಣೇ ಆದ್ರೂ ಬೇಜಾರಿಲ್ಲ," ಎಂದರು. ಡಾಕ್ಟರು ಅವರನ್ನು ಹೊರಗೆ ಕೂರಿಸಿದರು. ಸುಷ್ಮಾ ಚೀಲದಿಂದ ದಿನಚರಿ ತೆಗೆದು ಪುಟ ತೆರೆದು ಕೊಟ್ಟಳು.

ಭಾನುಮತಿ ಎರಡು ಸಲ ಓದಿದರು. "ನನಗೆ ಗೊತ್ತಿಲ್ಲ," ಎಂದರು. "ಗೊತ್ತಿಲ್ಲದ್ದನ್ನ ಹೇಳಲ್ಲ. ಎಂಟು ದಿನ ಕೊಡು, ಓದ್ತೀನಿ. ಅಲ್ಲೀವರೆಗೂ ಉಪ್ಪುನೀರು ಮುಟ್ಟಬೇಡ."

ಗೊತ್ತಿಲ್ಲ ಎಂದವರು ಅವರೊಬ್ಬರೇ. ಎಂಟು ದಿನ ಬಿಟ್ಟು ಬನ್ನಿ ಎಂದು ಡಾಕ್ಟರು ಹೊರಗೆ ಬಂದು ಹೇಳಿದ್ದನ್ನೇ ಬಸುರೆಂದು ತಿಳಿದು ಅತ್ತೆ ಬೀದಿಗೆಲ್ಲ ಸುದ್ದಿ ಹಂಚಿದರು. ಆ ಭಾನುವಾರ ಸುಷ್ಮಾ ತಲೆನೋವೆಂದು ಮಲಗಿಬಿಟ್ಟಳು. ಗಂಡ ದಿನವಿಡೀ ಮುಖ ಊದಿಸಿಕೊಂಡಿದ್ದ.

ಮತ್ತೆ ಹೋದಾಗ ಭಾನುಮತಿ ನೇರವಾಗಿ ಹೇಳಿದರು. "ನಮ್ಮ ಮೇಷ್ಟ್ರೊಬ್ಬರು ಮನೋವೈದ್ಯರು, ಅವರನ್ನೂ ಕೇಳ್ದೆ. ನಿನ್ನ ಹೆಸರೆತ್ತಲಿಲ್ಲ. ಇಂಥ ಆಸೆ ಇರೋರು ಇದಾರಮ್ಮ, ಕೆಲವೇ ಜನ. ಯಾಕೆ ಬರುತ್ತೆ ಅಂತ ಸರಿಯಾಗಿ ತಿಳಿದೋರಿಲ್ಲ. ಎಲ್ಲರೂ ಮಾಡ್ತಾರೆ ಅನ್ನೋದು ಸುಳ್ಳು. ಉಪ್ಪುನೀರಂತೂ ಜೀವಕ್ಕೇ ಅಪಾಯ. ಅವನು ಬರೋದಾದ್ರೆ ಕಳ್ಸು, ಬೈಯಲ್ಲ. ಆದ್ರೆ ನಿನಗೆ ಬೇಡ ಅಂದ್ರೆ ಬೇಡ. ಅಷ್ಟಕ್ಕೆ ಪುಸ್ತಕ ಬೇಕಾಗಿರಲಿಲ್ಲ."

"ಬೇಕಾಗಿತ್ತು ಮೇಡಂ," ಎಂದಳು ಸುಷ್ಮಾ. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನಗೆ ಬೇಡ ಅಂತ ನಾನು ಮೊದಲನೇ ದಿನವೇ ಹೇಳಿದ್ದೆ. ಪುಸ್ತಕದಲ್ಲಿದೆ ಅಂತ ನಕ್ಕುಬಿಟ್ರು."

ಡಾಕ್ಟರು, "ಹೌದಲ್ಲ," ಎಂದರು.

ಭಾನುವಾರ ಬೆಳಿಗ್ಗೆ ವಿಶ್ವನಾಥ ಲೋಟ ತಂದಿಟ್ಟ. ಸುಷ್ಮಾ ಅದನ್ನೆತ್ತಿಕೊಂಡು ಸೀದಾ ನಡುಮನೆಗೆ ಬಂದಳು. "ಏ, ಎಲ್ಲಿಗೆ?" ಎನ್ನುತ್ತಾ ಅವನೂ ಹಿಂದೆಯೇ ಬಂದ. ಪುಟ್ಟಬಸಮ್ಮ ಬಸುರಿಗೆಂದು ಮಾವಿನಕಾಯಿ ಹೆಚ್ಚಿ ಖಾರ ಸವರುತ್ತಿದ್ದರು. ಅವಳು ಲೋಟವನ್ನು ತಟ್ಟೆಯ ಪಕ್ಕಕ್ಕಿಟ್ಟಳು.

"ಅತ್ತೆ, ನಾನು ಬಸುರಿ ಅಲ್ಲ. ಇದನ್ನ ಕುಡಿದು ವಾಂತಿ ಆಗ್ತಿತ್ತು."

ಪುಟ್ಟಬಸಮ್ಮ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವಿಚಿದರು. "ಉಪ್ಪು ಕಣೋ ಇದು. ಯಾರ್ ಕುಡೀತಾರೆ ಇದ್ನ?"

ವಿಶ್ವನಾಥನ ಕಣ್ಣು ನೆಲಕ್ಕಿಳಿಯಿತು. ಸುಷ್ಮಾ ಅವನತ್ತ ತಿರುಗಿದಳು. "ನಿಮ್ಮ ಆಸೆಗೆ ನನಗೆ ಸಿಟ್ಟಿಲ್ಲ ರೀ. ಡಾಕ್ಟರ್ ಇದಾರೆ, ಹೋಗಿ ಮಾತಾಡಿ. ಎಲ್ಲಾರೂ ಮಾಡ್ತಾರೆ ಅಂದ್ರಲ್ಲ, ನನ್ನನ್ನ ದಡ್ಡಿ ಮಾಡಿದ್ರಲ್ಲ, ಅದಕ್ಕೆ ಸಿಟ್ಟು. ಅದು ಇವತ್ತಿಗೆ ಹೋಗೋ ಸಿಟ್ಟಲ್ಲ."

"ಏನ್ ಆಸೆ? ಏನೋ ಇದು ವಿಶ್ವ?" ಎಂದರು ಪುಟ್ಟಬಸಮ್ಮ.

ಅವನ ಪರವಾಗಿ ಹೇಳುವ ಕೆಲಸ ತನ್ನದಲ್ಲವೆಂದು ಸುಷ್ಮಾ ಕುಳಿತು ತಟ್ಟೆಯಿಂದ ಒಂದು ಮಾವಿನ ಹೋಳು ತೆಗೆದುಕೊಂಡಳು. ಹುಳಿಗೆ ಹಲ್ಲು ಜುಮ್ಮೆಂದಿತು. ಅದನ್ನು ಮುಗಿಸಿ, ಇನ್ನೊಂದಕ್ಕೆ ಕೈ ಚಾಚಿದಳು.