ಯಾವುದನ್ನು ಕಲಿಯಲಿ ಎಂದು ಕೇಳಿದ್ದಕ್ಕೆ

"ಅಕ್ಕ, ನೀನು ಯಾವತ್ತು ಮತ್ತೆ ಕೆಲಸಕ್ಕೆ ಹೋಗ್ತೀನಿ ಅಂತೀಯೋ ಅವತ್ತು ನಂಗೆ ಒಂದು ಮಾತು ಹೇಳು. ನಿನ್ನ ಪಕ್ಕದಲ್ಲೇ ಕೂತು ಕಲಿಸ್ತೀನಿ" ಎಂದು ಜತ್ಮಿಕೊ ಮಾತು ಕೊಟ್ಟದ್ದು, ಪಾರ್ತಿನಿ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದ ದಿನ. ಆಗ ಮೊದಲ ಮಗು ಹೊಟ್ಟೆಯಲ್ಲಿತ್ತು. ತಮ್ಮನ ಮಾತನ್ನು ನಂಬದಿರಲು ಅವಳಿಗೆ ಕಾರಣವೇ ಇರಲಿಲ್ಲ. ಡೇಟಾಬೇಸ್ ಅಂದರೇನು ಎಂದು ಅವನಿಗೆ ಮೊದಲು ತೋರಿಸಿದವಳೇ ಅವಳು. ಜಾವಾದ ಸೆಮಾರಂಗ್ ಬಂದರಿನ ಬಳಿ ಅವಳು ದುಡಿಯುತ್ತಿದ್ದ ಕಂಪನಿಯಲ್ಲಿ ಒರಾಕಲ್ ಎಂಬ ಡೇಟಾಬೇಸ್ ಇತ್ತು. ಊಟದ ಮೇಜಿನ ಮೇಲೆ ತಟ್ಟೆಗಳನ್ನು ಆಚೆ ಸರಿಸಿ, ಇದು ಕೋಷ್ಟಕ, ಇದು ಸಾಲು, ಹೀಗೆ ಕೇಳಿದರೆ ಹೀಗೆ ಉತ್ತರ ಬರುತ್ತದೆ ಎಂದು ಅವನ ತಲೆಗೆ ತುಂಬಿದ್ದಳು. ಆಮೇಲೆ ಅವನು ಅದರಲ್ಲೇ ಬೆಳೆದ. ಅವಳು ಮಕ್ಕಳ ಡಬ್ಬಿ ಕಟ್ಟುತ್ತ ಉಳಿದಳು.

ಈ ವರ್ಷ ಚಿಕ್ಕವನೂ ಶಾಲೆಗೆ ಹೋಗತೊಡಗಿದ. ಊರಿನ ದೊಡ್ಡ ಕ್ಲಿನಿಕ್ಕೊಂದಕ್ಕೆ ರೋಗಿಗಳ ಡೇಟಾಬೇಸ್ ನೋಡಿಕೊಳ್ಳಲು ಜನ ಬೇಕೆಂದು ಪಾರ್ತಿನಿಗೆ ಗೊತ್ತಾಯಿತು. ಮನೆಯಿಂದ ಹತ್ತಿರ, ಮಕ್ಕಳು ಬರುವ ಹೊತ್ತಿಗೆ ಮುಗಿಯುವ ಕೆಲಸ. ಇಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಭಾನುವಾರ ಊಟಕ್ಕೆ ಬಂದ ತಮ್ಮನನ್ನು ಕೇಳಿಯೇಬಿಟ್ಟಳು.

"ಪರೀಕ್ಷೆ ಇಟ್ಟಿದಾರೆ. ನಾನು ಯಾವುದು ಕಲೀಲಿ? ಒರಾಕಲ್ಲೇ ತಿಕ್ಕಿ ತೊಳೀಲಾ, ಇಲ್ಲ ಬೇರೆ ಏನಾದ್ರೂ ಹಿಡೀಲಾ?"

ಜತ್ಮಿಕೊ ತೋಫುವಿಗೆ ಪೆತಿಸ್ ಎಂಬ ಸಿಗಡಿ ಗೊಜ್ಜು ಸವರಿಕೊಳ್ಳುತ್ತಲೇ, "ಅದು ಯಾತಕ್ಕೆ ಬೇಕು ಅನ್ನೋದರ ಮೇಲಿದೆ ಅಕ್ಕ" ಎಂದ.

"ಕೆಲಸಕ್ಕೆ ಬೇಕು ಮಾರಾಯ. ಇನ್ಯಾತಕ್ಕೆ, ಉಪ್ಪಿನಕಾಯಿ ಹಾಕೋಕಾ?"

"ಹಾಗಲ್ಲ. ಸಣ್ಣಪುಟ್ಟ ಅಂಗಡಿ ವೆಬ್‌ಸೈಟಿಗೆ ಮೈಎಸ್‌ಕ್ಯೂಎಲ್ ಸಾಕು. ಬ್ಯಾಂಕಿನವರು ಒರಾಕಲ್ ಬಿಡಲ್ಲ. ಈಗ ಎಲ್ಲರ ಬಾಯಲ್ಲೂ ಪೋಸ್ಟ್‌ಗ್ರೆಸ್. ಒಂದೊಂದಕ್ಕೂ ಒಂದೊಂದು ಗುಣ."

"ಸಂತೇಲಿ ನಿಂತು ಕೂಗೋನ ಹಾಗೆ ಹೇಳಬೇಡ. ಕ್ಲಿನಿಕ್ಕಲ್ಲಿ ಯಾವುದಿದೆ?"

ಅವಳು ಕ್ಲಿನಿಕ್ಕಿನ ಹೆಸರು ಹೇಳಿದಾಗ ಅವನು ಅಗಿಯುವುದನ್ನು ನಿಲ್ಲಿಸಿದ. "ನಂಗೇನು ಗೊತ್ತು" ಎಂದ. ಆಮೇಲೆ, "ನಿಂಗೆ ಬರೋ ಒರಾಕಲ್ಲೇ ಸಾಕು. ತಟ್ಟೆ ಬೇರೆ ಆದ್ರೂ ಅನ್ನ ಅದೇ ಅಲ್ವಾ? ಒಂದು ಬಂದ್ರೆ ಎಲ್ಲಾ ಬಂದ ಹಾಗೆ" ಎಂದ.

"ಪಕ್ಕದಲ್ಲಿ ಕೂತು ಹೇಳಿಕೊಡ್ತೀಯ ತಾನೆ?"

"ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ ಅಕ್ಕ. ನಿಂಗೆ ನಾನ್ಯಾಕೆ, ನನ್ನ ಗುರುವೇ ನೀನು!" ಎಂದು ನಕ್ಕು ಹೆಲ್ಮೆಟ್ ಎತ್ತಿಕೊಂಡ.

ಗುರು ಎನಿಸಿಕೊಂಡವಳು ಮಕ್ಕಳು ಶಾಲೆಗೆ ಹೋದಮೇಲೆ ಲ್ಯಾಪ್‌ಟಾಪ್ ತೆರೆದು ಒಬ್ಬಳೇ ಕೂರತೊಡಗಿದಳು. ಒಂದು ಕಡೆ ಒರಾಕಲ್ಲಿನ ಹಳೇ ಪಾಠ, ಇನ್ನೊಂದು ಕಡೆ ಒಲೆಯ ಮೇಲಿನ ಸಾರು. ಮರೆತದ್ದೆಲ್ಲ ನೆನಪಾಗುತ್ತ ಬಂತು. ಪೋಸ್ಟ್‌ಗ್ರೆಸ್ ಕೂಡ ಒಮ್ಮೆ ನೋಡಲೇ ಎಂದು ಮನಸ್ಸಾಯಿತು. ತಟ್ಟೆ ಬೇರೆ, ಅನ್ನ ಅದೇ ಎಂದಿದ್ದನಲ್ಲ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟಳು.

ಪರೀಕ್ಷೆಯ ದಿನ ಕ್ಲಿನಿಕ್ಕಿನ ಮೇಲ್ವಿಚಾರಕಿ ಬು ಹಾರ್ಯಾತಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಇದ್ದದ್ದು ಪೋಸ್ಟ್‌ಗ್ರೆಸ್. ಹತ್ತು ಕೆಲಸ ಕೊಟ್ಟಿದ್ದರು. ಪಾರ್ತಿನಿಯ ಕೈ ಚೆನ್ನಾಗಿಯೇ ಓಡಿತು. ಕೊನೆಯದು ಎಲ್ಲಕ್ಕಿಂತ ಸುಲಭದ್ದು: ಕಾಯುತ್ತಿರುವ ರೋಗಿಗಳ ಮೊದಲ ಹೆಸರು ಮತ್ತು ಕೊನೆಯ ಹೆಸರನ್ನು ಜೋಡಿಸಿ, ಸರದಿ ಕರೆಯುವ ಪರದೆಯ ಮೇಲೆ ಪೂರ್ತಿ ಹೆಸರು ಬರುವಂತೆ ಮಾಡಬೇಕು. ಬಂದರಿನ ಕಂಪನಿಯಲ್ಲಿ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಬರೆದಳು, ಓಡಿಸಿದಳು.

ಅರ್ಧಕ್ಕರ್ಧ ಸಾಲು ಖಾಲಿ ಬಂತು.

ಬುದಿ ಸಂತೋಸೋ ಇದ್ದ, ರಿಂಡಾ ಲೆಸ್ತಾರಿ ಇದ್ದಳು. ತುಕಿನೆಮ್ ಇರಲಿಲ್ಲ. ಪೊನಿರಾನ್ ಇರಲಿಲ್ಲ. ಜಾವಾದಲ್ಲಿ ಒಂದೇ ಹೆಸರಿನವರಿಗೇನು ಬರವೇ? ಅವಳ ತಾಯಿಗೆ ಒಂದೇ ಹೆಸರು, ಅವಳಿಗೂ ಒಂದೇ, ತಮ್ಮನಿಗೂ ಒಂದೇ. ಅಂಥವರನ್ನೆಲ್ಲ ಆರಿಸಿ ಆರಿಸಿ ನುಂಗಿದಂತೆ ಪಟ್ಟಿ ಕಾಣುತ್ತಿತ್ತು. ಅದನ್ನು ಬದಲಿಸಿದಳು, ಇದನ್ನು ಬದಲಿಸಿದಳು. ಸಮಯ ಮುಗಿಯಿತು.

ಬು ಹಾರ್ಯಾತಿ ಪರದೆ ನೋಡಿ ನಿಟ್ಟುಸಿರು ಬಿಟ್ಟರು. "ಇದೊಂದು ಸರಿ ಬಂದಿದ್ರೆ ಆಗ್ತಿತ್ತು ಕಣಮ್ಮ. ಬೇಕಂತಲೇ ಇಟ್ಟಿದ್ದು ಇದನ್ನ. ಒರಾಕಲ್ಲಲ್ಲಿ ಕೊನೆ ಹೆಸರು ಇಲ್ಲದಿದ್ರೆ ಇರೋ ಹೆಸರಾದ್ರೂ ಬರತ್ತೆ. ಇದರಲ್ಲಿ ಹಾಗಲ್ಲ. ಗೊತ್ತಿಲ್ಲದ್ದನ್ನ ಗೊತ್ತಿರೋದಕ್ಕೆ ಅಂಟಿಸಿದ್ರೆ ಇಡೀದೇ ಗೊತ್ತಿಲ್ಲ ಅನ್ನತ್ತೆ. ನಿಮಗಿಂತ ಮುಂಚೆ ಬಂದೋರು ಸರಿ ಮಾಡಿದ್ರು. ಅವರನ್ನೇ ತಗೋತೀವಿ. ಬೇಜಾರು ಮಾಡ್ಕೋಬೇಡಿ, ನಮ್ಮ ಡೇಟಾಬೇಸನ್ನ ಒರಾಕಲ್ಲಿಂದ ಇದಕ್ಕೆ ತಂದವನೇ ಇಲ್ಲಿ ಎಡವಿದ್ದ."

"ಏನಾಗಿತ್ತು?"

"ಅವತ್ತು ಬೆಳಗ್ಗೆಯಿಂದ ಪರದೆ ಮೇಲೆ ಎರಡು ಹೆಸರಿನವರೇ ಬಂದ್ರು. ಒಂದೇ ಹೆಸರಿನ ಮುದುಕ ಮುದುಕಿಯರು ಸುಮ್ನೆ ಕೂತಿದ್ರು. ನಮ್ಮ ಜನ ಗೊತ್ತಲ್ಲ, ಎದ್ದು ಬಂದು 'ನನ್ನ ಯಾಕೆ ಕರೀಲಿಲ್ಲ' ಅಂತ ಕೇಳೋಕೆ ಸಂಕೋಚ. ರಕ್ತ ಪರೀಕ್ಷೆಗೆ ಅಂತ ಹಸಕೊಂಡು ಬಂದಿದ್ದ ಅಜ್ಜಿ ಒಬ್ರು ಕುರ್ಚಿಯಿಂದ ಕೆಳಗೆ ಬಿದ್ದಾಗಲೇ ನಮಗೆ ಗೊತ್ತಾಗಿದ್ದು. ಪಾಪ ಜತ್ಮಿಕೊ, ಕೈ ಮುಗಿದು ಎಲ್ಲರ ಹತ್ರ ಕ್ಷಮೆ ಕೇಳಿದ. ನಿಮಗೆ ಗೊತ್ತಾ ಅವನು?"

"ಗೊತ್ತು ಅಂದ್ಕೊಂಡಿದ್ದೆ" ಎಂದಳು ಪಾರ್ತಿನಿ.

ಕ್ಲಿನಿಕ್ಕಿನಿಂದ ಬೈಕನ್ನು ನೇರ ತೆಂಬಲಾಂಗ್ ಬಡಾವಣೆಯ ತಮ್ಮನ ಬಾಡಿಗೆ ಮನೆಗೆ ಬಿಟ್ಟಳು. ಕೆಲಸ ಹೋದದ್ದಕ್ಕಿಂತ "ನಂಗೇನು ಗೊತ್ತು" ಎಂದಿದ್ದನಲ್ಲ, ಅದು ಉರಿಸುತ್ತಿತ್ತು. ತನ್ನ ಮೇಜಿನ ಮುಂದೆ ಕೂತು, ತಾನು ಬಡಿಸಿದ್ದನ್ನು ತಿನ್ನುತ್ತ ಹೇಳಿದ ಮಾತು! ಅವರ ಮನೆಯಲ್ಲಿ ಯಾರೂ ದನಿ ಏರಿಸಿ ಮಾತಾಡಿದವರಲ್ಲ. ಅವತ್ತು ಅವಳು ಬಾಗಿಲಲ್ಲೇ ನಿಂತು ಕಿರುಚಿದಳು.

"ಕ್ಲಿನಿಕ್ಕಲ್ಲಿ ಯಾವುದಿದೆ ಅಂತ ನಿಂಗೆ ಗೊತ್ತಿರಲಿಲ್ವಾ? ಅಲ್ಲಿಗೆ ಅದನ್ನ ಹೊತ್ತು ಹಾಕಿದೋನೇ ನೀನು!"

"ಅಕ್ಕ, ಒಳಗೆ ಬಾ. ಅಕ್ಕಪಕ್ಕದೋರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ! ತಟ್ಟೆ ಬೇರೆ ಅನ್ನ ಅದೇ ಅಂತೆ! ಅದೇ ಅನ್ನ ಅಂದ್ಕೊಂಡಿದ್ದಕ್ಕೇ ಒಂದು ಅಜ್ಜಿ ಬಿದ್ದಿದ್ದು ನಿಂಗೆ ಗೊತ್ತಿತ್ತು. ಆದ್ರೂ ಹೇಳಲಿಲ್ಲ."

ಜತ್ಮಿಕೊ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡಿದ. "ನಾಚಿಕೆ ಆಯ್ತು ಅಕ್ಕ. ನೀನು ಬೀದಿಯೆಲ್ಲಾ ನನ್ನ ತಮ್ಮ ಅಂತ ಹೇಳ್ಕೊಂಡು ಓಡಾಡ್ತೀಯ. ಆ ಕ್ಲಿನಿಕ್ಕಿನ ಮಾತು ತೆಗೆದ್ರೆ ಅದೂ ಹೇಳಬೇಕಾಗ್ತಿತ್ತು. ಅವರು ಅದನ್ನೇ ಕೇಳ್ತಾರೆ ಅಂತ ನಂಗೆ ಹೊಳೀಲಿಲ್ಲ."

"ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು. ಪೋಸ್ಟ್‌ಗ್ರೆಸ್ ಕಲಿ ಅಂತ. ನಿನ್ನ ಮಾನ ಉಳೀಲಿ ಅಂತ ನನ್ನ ಕೆಲಸ ಹೋಗಬೇಕಾ?"

ಅವಳು ಕೈಯಲ್ಲಿದ್ದ ಹೆಲ್ಮೆಟ್ ಎತ್ತಿ ಹಿಡಿದಳು.

"ಈಗ ಹೇಳು. ನಾನು ಯಾವುದು ಕಲೀಲಿ? 'ಅದರ ಮೇಲಿದೆ, ಇದರ ಮೇಲಿದೆ' ಅಂದ್ಯೋ, ಇದನ್ನ ನಿನ್ನ ತಲೆ ಮೇಲೆ ಹಾಕ್ತೀನಿ."

"ಪೋಸ್ಟ್‌ಗ್ರೆಸ್."

"ಯಾಕೆ?"

"ಈ ಊರಿನ ಕ್ಲಿನಿಕ್ಕುಗಳು ಒಂದೊಂದಾಗಿ ಅದಕ್ಕೇ ಬರ್ತಿವೆ. ಮನೇಲೇ ಹಾಕ್ಕೊಂಡು ಎಷ್ಟು ಬೇಕಾದ್ರೂ ಕೆಡಿಸಿ ಕಲೀಬಹುದು, ಯಾರನ್ನೂ ಕೇಳಬೇಕಾಗಿಲ್ಲ." ಅವನು ತಲೆ ಎತ್ತಿದ. "ನಿಜ ಹೇಳಬೇಕು ಅಂದ್ರೆ ನಂಗೆ ಸರಿಯಾಗಿ ಬರೋದು ಅದೊಂದೇ. ಉಳಿದಿದ್ದರ ಬಗ್ಗೆ ಬರೀ ಮಾತಾಡ್ತೀನಿ."

ಅವಳು ಬೈಕ್ ತಿರುಗಿಸಿದಳು.

ಭಾನುವಾರ ಅವನು ಕರೆಯದೆಯೇ ಬಂದ. ಪಾರ್ತಿನಿ ಮೇಜು ಒರೆಸಿ ಲ್ಯಾಪ್‌ಟಾಪ್ ಇಟ್ಟಳು. ಚಹಾ ಇಡಲಿಲ್ಲ, ಊಟ ಆಯಿತಾ ಎಂದೂ ಕೇಳಲಿಲ್ಲ. ಮಾವ ಬಂದ ಎಂದು ಓಡಿಬಂದ ಮಕ್ಕಳನ್ನು ಗದರಿಸಿ ಅಂಗಳಕ್ಕೆ ಅಟ್ಟಿದಳು. ಜತ್ಮಿಕೊ ಕುರ್ಚಿ ಎಳೆದುಕೊಂಡು, ತನ್ನ ತಪ್ಪಿನಿಂದಲೇ ಶುರುಮಾಡಿದ: ಕೊನೆಯ ಹೆಸರು ಇಲ್ಲದ ಕಡೆ ಏನು ಬರೆಯಬೇಕು, ಬರೆಯದಿದ್ದರೆ ಏನಾಗುತ್ತದೆ, ಅವತ್ತು ಏನಾಯಿತು. ಅವಳು ಒಂದೊಂದನ್ನೂ ತಾನೇ ಮಾಡಿ ನೋಡಿದಳು. ತುಕಿನೆಮ್ ಬಂದಳು, ಪೊನಿರಾನ್ ಬಂದ.

"ಕೋಪ ಇಳೀತಾ ಅಕ್ಕ?"

"ಇಲ್ಲ. ಮುಂದಿನದು ಹೇಳು."

ಕತ್ತಲಾಗುವವರೆಗೂ ಹೇಳಿಕೊಟ್ಟ. ಮುಂದಿನ ಭಾನುವಾರವೂ ಬಂದ, ಅದರ ಮುಂದಿನದಕ್ಕೂ ಬಂದ. ಕ್ಲಿನಿಕ್ಕಿನ ಕೆಲಸಕ್ಕೆ ಆಗಲೇ ಬೇರೆಯವರು ಸೇರಿದ್ದರು. ಜತ್ಮಿಕೊ ಕೊಟ್ಟ ಮಾತನ್ನು ನಡೆಸಿದ.