ಏಳು ಕಿಲೋದ ಚೀಲ

ನಾನೊಂದು ಚೀಲ. ಹುಬ್ಬಳ್ಳಿಯ ದುರ್ಗಪ್ಪನ ಅಂಗಡಿಯಲ್ಲಿ ಹುಟ್ಟಿದೆ. ಮೈ ಕ್ಯಾನ್ವಾಸಿನದು, ತಳ ಮಾತ್ರ ದಪ್ಪ ಎಮ್ಮೆ ಚರ್ಮದ್ದು. "ಇದು ಹರಿಯೂದಿಲ್ಲ ಬಿಡ್ರಿ, ನೀವ ಮೊದಲ ಹರೀತೀರಿ" ಎಂದು ನಗುತ್ತಾ ದುರ್ಗಪ್ಪ ನನ್ನನ್ನು ಚಂಬಣ್ಣನ ಕೈಗೆ ಕೊಟ್ಟ.

ಚಂಬಣ್ಣ ಕೈಪಂಪು ರಿಪೇರಿಯವನು. ಇಪ್ಪತ್ತೆರಡು ವರ್ಷ ಅವನ ಗಾಡಿಯ ಹಿಂದೆ ಕೂತು ಊರೂರು ತಿರುಗಿದೆ. ಬಿಗಿಯಲು-ಬಿಚ್ಚಲು ಪಾನಾ, ಗ್ರೀಸು, ನಟ್ಟು-ಬೋಲ್ಟು ಎಲ್ಲ ನನ್ನ ಹೊಟ್ಟೆಯಲ್ಲೇ. ಎತ್ತಿ ಒಗೆದರೂ ನೋವಿಲ್ಲ, ಹೊಗಳಿದರೂ ಹಿಗ್ಗಿಲ್ಲ. ನಾವು ಚೀಲಗಳು ಅಂಥವರೇ.

ಹೆಂಡತಿ ಶಾಂತವ್ವ ತೀರಿಕೊಂಡ ಮೇಲೆ ಚಂಬಣ್ಣನೂ ನನ್ನ ಹಾಗೇ ಆದ. ಅಳಲಿಲ್ಲ, ಬೈಯಲಿಲ್ಲ. ಮಗಳು ಸುವರ್ಣಾ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಶಾಂತವ್ವ ಕಡೆಯ ಸಲ ಕುಟ್ಟಿದ ಶೇಂಗಾ ಚಟ್ನಿಪುಡಿ ಅಡುಗೆಮನೆಯ ಮಾಡದಲ್ಲಿ ಡಬ್ಬಿ ತುಂಬ ಇತ್ತು. ಎರಡು ತಿಂಗಳು ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಆಫ್ರಿಕಾದ ಉಗಾಂಡಕ್ಕೆ ಬರುವಂತೆ ಕರೆ ಬಂತು. ಅಲ್ಲಿಯ ಹಳ್ಳಿಗಳಲ್ಲಿ ಕೆಟ್ಟು ನಿಂತ ಕೈಪಂಪುಗಳನ್ನು ಪುಕ್ಕಟೆ ರಿಪೇರಿ ಮಾಡಿಕೊಡುವ ಸ್ವಯಂಸೇವಕರ ತಂಡವದು. ಪಂಪು ನಮ್ಮ ಕಡೆಯ ಮಾದರಿಯವೇ. ಪಾನಾ-ಪೈಪು ಅಲ್ಲೇ ಸಿಗುತ್ತವೆ, ಒಳಗೆ ನೀರೆತ್ತುವ ಬಟ್ಟಲಿನಂಥ ಚರ್ಮದ ವಾಷರು ಮಾತ್ರ ಇಲ್ಲಿಂದ ಒಯ್ಯಬೇಕು. ಒಬ್ಬರಿಗೆ ಒಂದೇ ಚೀಲ, ಏಳೇ ಕಿಲೋ. ಚಂಬಣ್ಣ "ಹೂಂ" ಅಂದ. ಮನೆಯಲ್ಲಿ ಕೂರುವುದೂ ಅಷ್ಟೇ, ಹೋಗುವುದೂ ಅಷ್ಟೇ ಎಂಬ ಧಾಟಿಯಲ್ಲಿ ಅಂದ.

ಸುವರ್ಣಾ ನನ್ನನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿದಳು.

"ಅಯ್ಯ, ಖಾಲಿ ಚೀಲಾನ ಎರಡ ಕಿಲೋ ತಿಂತೈತಲ್ರಿ ಅಪ್ಪಾ! ಹಗುರಂದ ಒಂದ ತಗೋರಿ."

"ಇರಲಿ ಬಿಡು."

ಎರಡು ಅಂಗಿ, ಎರಡು ಪ್ಯಾಂಟು, ಕಂಬಳಿ, ಟಾವೆಲ್ಲು, ಬಿಪಿ ಗುಳಿಗೆ. ಆಮೇಲೆ ಶಾಂತವ್ವನ ಹಳೆಯ ಸೀರೆ ಹರಿದು ಕಟ್ಟಿದ ಎರಡು ಗಂಟು ವಾಷರು. ಒಪ್ಪಿಕೊಂಡ ಐದು ಪಂಪಿಗೆ ಹತ್ತು, ಹೆಚ್ಚಿಗಿರಲಿ ಎಂದು ಇನ್ನೂ ಹತ್ತು. ಮುಳ್ಳು ಏಳಕ್ಕೆ ಬಂದು ನಿಂತಿತು.

"ಬುತ್ತಿ?"

"ಜಾಗಾ ಎಲ್ಲೈತಿ? ಹಂಗ ಹೋಗ್ತೀನಿ."

ನಮ್ಮ ಕಡೆ ಬುತ್ತಿ ಕಟ್ಟದೆ ಯಾರನ್ನೂ ಹೊಸ್ತಿಲು ದಾಟಿಸುವುದಿಲ್ಲ. ಅಪ್ಪ ಜಳಕಕ್ಕೆ ಹೋದದ್ದೇ ತಡ, ಸುವರ್ಣಾ ಹೆಚ್ಚಿನ ಗಂಟು ಬಿಚ್ಚಿ ವಾಷರು ತೆಗೆದಳು. ಅದೇ ಬಟ್ಟೆಯಲ್ಲಿ ಡಬ್ಬಿಯ ಚಟ್ನಿಪುಡಿಯನ್ನೆಲ್ಲ ಕಟ್ಟಿ ಅದೇ ಜಾಗದಲ್ಲಿಟ್ಟಳು. ನಾನು ನೋಡಿದೆ. ಹೇಳಲು ನನಗೆಲ್ಲಿಯ ಬಾಯಿ?

ಉಗಾಂಡದಲ್ಲಿ ಐದು ದಿನಕ್ಕೆ ಐದು ಪಂಪು ಮುಗಿದವು. ಚಂಬಣ್ಣನ ಕೈ ದುಡಿಯುತ್ತಿತ್ತು, ಮುಖ ಕಲ್ಲಾಗಿತ್ತು. ಆಗ ಪಕ್ಕದೂರಿನ ಸಣ್ಣ ಹೆರಿಗೆ ಆಸ್ಪತ್ರೆಯ ದಾದಿ ನಕಾಟೊ ಬಂದಳು. ಅಲ್ಲಿಯ ಪಂಪು ಕೆಟ್ಟು ಒಂದು ವರ್ಷವಾಗಿತ್ತು, ನೀರಿಗೆ ದೂರದ ಜೌಗಿಗೆ ಹೋಗಬೇಕಿತ್ತು. ಹೆಚ್ಚಿನ ಗಂಟು ಇದೆಯಲ್ಲ ಎಂಬ ಧೈರ್ಯದಿಂದ ಚಂಬಣ್ಣ ಮಾತು ಕೊಟ್ಟ. ಪಂಪು ಕಳಚಿ, ಪೈಪು ಮೇಲೆತ್ತಿ, ಗಂಟು ಬಿಚ್ಚಿದ.

ಘಮ್ಮೆಂದು ಬೆಳ್ಳುಳ್ಳಿ, ಶೇಂಗಾ.

ಅವನು ಪುಡಿಯೊಳಗೆ ಬೆರಳಾಡಿಸಿ ನೋಡಿದ, ಒಂದು ವಾಷರೂ ಇಲ್ಲ. ಸುತ್ತ ಕೊಡ ಹಿಡಿದ ಹೆಂಗಸರು. ಒಳಗೆ ಒಬ್ಬಳು ಹೆರಿಗೆ ನೋವು ತಿನ್ನುತ್ತಿದ್ದಳು, ಅವಳ ನರಳಾಟ ಎಲ್ಲರಿಗೂ ಕೇಳುತ್ತಿತ್ತು. ನಕಾಟೊ ಅವನ ಮುಖವನ್ನೇ ನೋಡುತ್ತಿದ್ದಳು.

"ಎಂಥಾ ಕೆಲಸಾ ಮಾಡಿದೆವ್ವಾ ಸುವರ್ಣಾ..."

ಆಮೇಲೆ ನನ್ನನ್ನು ಬೋರಲು ಹಾಕಿ ತಳ ಬಡಿದು ನೋಡಿದ. ಚಾಕು ಕೇಳಿದ. ನನ್ನ ತಳದಿಂದ ಎರಡು ಬಿಲ್ಲೆ ಕೊಯ್ದ. ನೋಯಲಿಲ್ಲ. ಅವನ್ನು ನೀರಲ್ಲಿ ನೆನೆಸಿ, ಪೈಪಿನ ತುದಿಗೆ ಬಟ್ಟಲಿನ ಹಾಗೆ ಬಗ್ಗಿಸಿ ಕಟ್ಟಿ, ಒಣಗಿದ ಮೇಲೆ ಅಡುಗೆ ಎಣ್ಣೆ ಕುಡಿಸಿದ. ಮರುದಿನ ಮಧ್ಯಾಹ್ನ ನಕಾಟೊ ಹಿಡಿಕೆ ಒತ್ತಿದಳು. ಮೊದಲು ಬರೀ ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು.

"ಬಂತಪಾ ಬಂತು!" ಎಂದು ಚಂಬಣ್ಣ ಕೂಗಿದ. ಶಾಂತವ್ವ ಹೋದ ಮೇಲೆ ಅವನು ದನಿಯೆತ್ತಿದ್ದು ಅದೇ ಮೊದಲು.

ಹೆಂಗಸರು ಮೆಕ್ಕೆಜೋಳದ ಮುದ್ದೆ ತಂದುಕೊಟ್ಟರು. ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಟ್ಟೆ ಖಾಲಿ ಮಾಡಿದ. ಅವರೂ ಕೈ ಚಾಚಿದರು, ಎಲ್ಲರಿಗೂ ಹಾಕಿದ. ಗಂಟು ಅಲ್ಲೇ ಮುಗಿಯಿತು.

ಈಗ ನಾನು ಅಟ್ಟದ ಮೇಲೆ ಬಿದ್ದಿದ್ದೇನೆ. ಅಕ್ಕಿ ಹಾಕಿದರೆ ಸೋರುತ್ತದೆ, ಪಾನಾ ಹಾಕಿದರೆ ಬೀಳುತ್ತದೆ. ಅದಕ್ಕೆ ನನಗೇನೂ ಬೇಸರವಿಲ್ಲ. ನನ್ನ ಎರಡು ಚೂರು ಅಲ್ಲಿ ನೀರೆತ್ತುತ್ತಿವೆ, ಅಷ್ಟು ಗೊತ್ತು. ಆದರೆ ಊರಿಗೆ ಮರಳಿದ ದಿನ ನಡೆದದ್ದು ಮಾತ್ರ ಮರೆಯಲಾಗದು.

ಸುವರ್ಣಾ ಆ ಹತ್ತು ವಾಷರು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

"ತಪ್ಪಾತ್ರಿ ಅಪ್ಪಾ. ನೀವು ಉಣ್ಣೂದ ಬಿಟ್ಟಿದ್ರಿ, ಅದಕ್ಕ... ಚಟ್ನಿ ಉಂಡ್ರೇನ್ರಿ?"

"ಉಂಡೆವ್ವಾ. ಅಲ್ಲಿ ಎಲ್ಲಾರೂ ಉಂಡ್ರು. ಮುಗೀತು."

"ಒಂದ ಚೂರೂ ಉಳೀಲಿಲ್ಲೇನ್ರಿ?" ಎಂದವಳೇ ನನ್ನೊಳಗೆ ಕೈ ಹಾಕಿ, ಆ ಸೀರೆ ತುಂಡು ತೆಗೆದು ಮೂಸಿದಳು. "ನಾ ರುಚೀನೂ ನೋಡಿದ್ದಿಲ್ಲ. ನಿಮಗ ಬೇಕಾಗ್ತೈತಿ ಅಂತ ಹಂಗ ಇಟ್ಟಿದ್ದೆ."

ಚಂಬಣ್ಣ ಹೊಸ್ತಿಲ ಮೇಲೇ ಕೂತ.

"ನಿನಗೂ ಅವ್ವ ಹೋಗ್ಯಾಳಲ್ಲವ್ವಾ," ಅಂದ. "ನಾ ಒಂದ ದಿನಾನೂ ಹೆಂಗದಿ ಅಂತ ಕೇಳಲಿಲ್ಲ."